ಬಿಳಿ ಬಟ್ಟೆಯ ಮೇಲೆ ಬಿಳಿ ಪತಂಗ: ಒಂದು ಚಿತ್ರಸಂಗ್ರಹದ ಪ್ರಕರಣ ಅಧ್ಯಯನ

ಬಿಳಿ ಬಟ್ಟೆಯ ಮೇಲೆ ಕುಳಿತ ಬಿಳಿ ಪತಂಗದ ಚಿತ್ರ ತೆಗೆಯುವುದು ಎಷ್ಟು ಕಷ್ಟ ಎಂಬುದು ತೆಗೆದವರಿಗೇ ಗೊತ್ತು. ರಾತ್ರಿ ದೀಪ ಹಚ್ಚಿ, ಅದರ ಹಿಂದೆ ಬಟ್ಟೆ ಕಟ್ಟಿ ಕಾಯಬೇಕು. ಪತಂಗ ಬಂದು ಕೂರುತ್ತದೆ. ಅದರ ರೆಕ್ಕೆಯ ಮೇಲೆ ಕೂದಲೆಳೆಯಂಥ ಬೂದು ಗೆರೆಗಳಿರುತ್ತವೆ. ಒಂದು ಜಾತಿಯನ್ನು ಅದರ ಹತ್ತಿರದ ಜಾತಿಯಿಂದ ಬೇರ್ಪಡಿಸಲು ಎಷ್ಟೋ ಸಲ ಆ ಗೆರೆಗಳೇ ಆಧಾರ. ಬಟ್ಟೆಯೂ ರೆಕ್ಕೆಯೂ ಒಂದೇ ಬಿಳುಪಿನಲ್ಲಿ ಕರಗಿಹೋದರೆ ಚಿತ್ರ ಉಳಿಯುತ್ತದೆ, ಪತಂಗ ಉಳಿಯುವುದಿಲ್ಲ.

ನನ್ನ ದೊಡ್ಡಪ್ಪನ ಮಗಳು ಒಂಬತ್ತು ವರ್ಷಗಳಿಂದ ಪತಂಗಗಳ ಚಿತ್ರ ತೆಗೆಯುತ್ತಿದ್ದಾಳೆ. ನಾನು ಅವಳನ್ನು ಕರೆಯುವುದು ಅಕ್ಕ ಎಂದೇ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಹೋದ ವರ್ಷ ಪತಂಗಗಳನ್ನು ಗುರುತಿಸಲು ನೆರವಾಗುವ ಒಂದು ಕೈಪಿಡಿಗೆ 120 ಚಿತ್ರಗಳನ್ನು ಕೊಡುವಂತೆ ಅವಳನ್ನು ಕೇಳಿದರು. ಒಂಬತ್ತು ವರ್ಷಗಳ ಸಂಗ್ರಹದಲ್ಲಿ 120 ಚಿತ್ರ ಆರಿಸುವುದು ದೊಡ್ಡ ಮಾತಲ್ಲ ಎಂದುಕೊಂಡು ಅವಳು ಒಪ್ಪಿದಳು. ಫೋಲ್ಡರ್‌ಗಳನ್ನು ತೆರೆದ ಎರಡನೆಯ ದಿನ ನನಗೆ ಕರೆ ಬಂತು.

“ಚಿತ್ರಗಳೆಲ್ಲ ಇವೆ. ಆದರೆ ಹಿಗ್ಗಿಸಿ ನೋಡಿದರೆ ಅರ್ಧಕ್ಕರ್ಧ ನಾನು ತೆಗೆದ ಹಾಗೆ ಕಾಣುತ್ತಿಲ್ಲ. ಯಾವ ತಂತ್ರಾಂಶ ಹಾಕಿಕೊಂಡರೆ ಸರಿಹೋಗುತ್ತದೆ, ಹೇಳು.”

“ತಂತ್ರಾಂಶದ ಮಾತು ಆಮೇಲೆ ಆಡೋಣ ಅಕ್ಕ. ನಾನು ಬರುವವರೆಗೆ ಯಾವ ಫೈಲನ್ನೂ ತೆರೆದು ಸೇವ್ ಮಾಡಬೇಡ” ಎಂದೆ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇನೆ. ಯಾವ ಫಾರ್ಮ್ಯಾಟ್ ಒಳ್ಳೆಯದು, ಯಾವ ತಂತ್ರಾಂಶ ಒಳ್ಳೆಯದು ಎಂದು ಜನ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಅಕ್ಕನ ಸಂಗ್ರಹವನ್ನು ಬಿಡಿಸುತ್ತ ಹೋದಂತೆ ಅವೆರಡೂ ಒಂದೇ ಪ್ರಶ್ನೆಯ ಎರಡು ತುದಿಗಳು ಎಂದು ನನಗೆ ಖಚಿತವಾಯಿತು: ಚಿತ್ರದ ಮೂಲ ಎಲ್ಲಿದೆ, ಅದರ ಮೇಲೆ ಮಾಡಿದ ಕೆಲಸ ಎಲ್ಲಿ ಬರೆದಿಟ್ಟಿದೆ?

ಮೂರು ಪದರಗಳು

ಸಂಗ್ರಹದಲ್ಲಿ ಮೂರು ಕಾಲಘಟ್ಟಗಳು ಸ್ಪಷ್ಟವಾಗಿ ಕಂಡವು. ಮೂರರಲ್ಲಿ ಮೂರು ಬಗೆಯ ನಷ್ಟ.

ಮೊದಲ ನಾಲ್ಕು ವರ್ಷಗಳ ಚಿತ್ರಗಳೆಲ್ಲ ಜೆಪೆಗ್. ಕಾರ್ಡಿನಲ್ಲಿ ಹೆಚ್ಚು ಚಿತ್ರ ಹಿಡಿಯಲಿ ಎಂದು ಕ್ಯಾಮೆರಾದಲ್ಲಿ ಗುಣಮಟ್ಟವನ್ನು ಮಧ್ಯಮಕ್ಕೆ ಇಟ್ಟಿದ್ದಳು. ಮನೆಗೆ ಬಂದ ಮೇಲೆ ಒಂದೊಂದನ್ನೇ ತೆರೆದು, ಸುತ್ತಲಿನ ಜಾಗ ಕತ್ತರಿಸಿ, ಬೆಳಕು ಏರಿಸಿ, ಅದೇ ಹೆಸರಿಗೆ ಸೇವ್ ಮಾಡಿದ್ದಳು. ಕೆಲವು ತಿಂಗಳ ನಂತರ ಯಾರಿಗೋ ಕಳಿಸುವಾಗ ಮತ್ತೆ ತೆರೆದು, ಇನ್ನಷ್ಟು ಕತ್ತರಿಸಿ, ಮತ್ತೆ ಅದೇ ಹೆಸರಿಗೆ. ಕೆಲವು ಚಿತ್ರಗಳು ಹೀಗೆ ಆರೇಳು ಸಲ ಹಾದುಬಂದಿದ್ದವು. ಕಾರ್ಡುಗಳನ್ನು ಅಳಿಸಿ ಮರುಬಳಕೆ ಮಾಡಿಯಾಗಿತ್ತು. ಆದ್ದರಿಂದ ಮೊದಲ ರೂಪ ಎಲ್ಲಿಯೂ ಉಳಿದಿರಲಿಲ್ಲ. ಇನ್ನೊಂದು ನಷ್ಟ ನನಗೆ ಹೆಚ್ಚು ನೋವು ಕೊಟ್ಟಿತು. ಅವಳು ಆಗ ಬಳಸುತ್ತಿದ್ದ ಸಣ್ಣ ತಂತ್ರಾಂಶವೊಂದು ಸೇವ್ ಮಾಡುವಾಗ ಎಕ್ಸಿಫ್ ಮಾಹಿತಿಯನ್ನು, ಅಂದರೆ ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ದಿನಾಂಕ, ಸಮಯದಂಥ ವಿವರಗಳನ್ನು, ಬಿಟ್ಟುಬಿಡುತ್ತಿತ್ತು. ಪತಂಗ ಯಾವ ರಾತ್ರಿ, ಎಷ್ಟು ಹೊತ್ತಿಗೆ ದೀಪಕ್ಕೆ ಬಂತು ಎಂಬ ದಾಖಲೆಯೇ ಅಳಿಸಿಹೋಗಿತ್ತು. ಜೀವಿಯ ಚಿತ್ರದಲ್ಲಿ ದಿನಾಂಕಕ್ಕೆ ಬಣ್ಣದಷ್ಟೇ ಬೆಲೆಯಿದೆ.

ಮುಂದಿನ ಮೂರು ವರ್ಷ ಹೊಸ ಕ್ಯಾಮೆರಾ, ರಾ ಫೈಲ್‌ಗಳು (ಕ್ಯಾಮೆರಾದ ಸಂವೇದಕ ಅಳೆದದ್ದನ್ನು ಸಂಸ್ಕರಿಸದೆ ಇಡುವ ಫೈಲ್‌ಗಳು), ಚಂದಾ ಕಟ್ಟಿ ಬಳಸುವ ಒಂದು ತಂತ್ರಾಂಶ. ಇಲ್ಲಿ ಅವಳ ಕೆಲಸ ನಿಜಕ್ಕೂ ಚೆನ್ನಾಗಿತ್ತು. ಆದರೆ ತಿದ್ದುಪಡಿಗಳೆಲ್ಲ ಆ ತಂತ್ರಾಂಶದ ಒಂದೇ ಕ್ಯಾಟಲಾಗ್ ಫೈಲಿನಲ್ಲಿದ್ದವು. ಆ ಫೈಲ್ ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿತ್ತು. ಡಿಸ್ಕ್ ಕೈಕೊಟ್ಟಿತು. ರಾ ಫೈಲ್‌ಗಳು ಬೇರೆ ಡಿಸ್ಕಿನಲ್ಲಿದ್ದುದರಿಂದ ಉಳಿದವು. ಅವುಗಳ ಜೊತೆಗೆ ಉಳಿದದ್ದು, ಆಗಾಗ ಹಂಚಿಕೊಳ್ಳಲು ರಫ್ತು ಮಾಡಿದ್ದ 2,048 ಪಿಕ್ಸೆಲ್ ಅಗಲದ ಸಣ್ಣ ಜೆಪೆಗ್‌ಗಳು ಮಾತ್ರ.

ಕೊನೆಯ ಎರಡು ವರ್ಷ ಟಿಫ್, ಅಂದರೆ ಚಿತ್ರದ ವಿವರ ಕಳೆಯದೆ ಇಡಬಲ್ಲ, ದೊಡ್ಡ ಫೈಲ್‌ಗಳ ಒಂದು ಫಾರ್ಮ್ಯಾಟ್. ಕ್ಯಾಟಲಾಗ್ ಕಳೆದುಕೊಂಡ ಭಯದಲ್ಲಿದ್ದಾಗ ಯಾರೋ ‘ಟಿಫ್‌ನಲ್ಲಿಟ್ಟರೆ ಏನೂ ಹಾಳಾಗುವುದಿಲ್ಲ’ ಎಂದಿದ್ದರು. ಅವಳು ಪ್ರತಿ ರಾ ಫೈಲನ್ನೂ ಟಿಫ್‌ಗೆ ಬದಲಿಸಿ, ಜಾಗ ಉಳಿಸಲು ರಾ ಫೈಲ್‌ಗಳನ್ನು ಅಳಿಸುತ್ತ ಬಂದಿದ್ದಳು. ಎರಡನೆಯ ವರ್ಷದವು ಇನ್ನೂ ಅಳಿಸುವ ಸರದಿಯಲ್ಲಿದ್ದವು. ಅವನ್ನು ಅಂದೇ ನಕಲು ಮಾಡಿ ತೆಗೆದಿಟ್ಟೆವು.

ಆರಿಸಿದ 120 ಚಿತ್ರಗಳಲ್ಲಿ 34 ಮೊದಲ ಪದರದವು, 61 ಎರಡನೆಯದರವು, 25 ಮೂರನೆಯದರವು.

ಜೆಪೆಗ್ ನಿಜವಾಗಿ ಏನು ಕಳೆಯುತ್ತದೆ

‘ಜೆಪೆಗ್ ಕೆಟ್ಟದ್ದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

1992ರಲ್ಲಿ ಮಾನಕವಾದ ಈ ಫಾರ್ಮ್ಯಾಟ್ ಚಿತ್ರವನ್ನು ಅಡ್ಡ 8, ಉದ್ದ 8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಚುರುಕಾಗಿ ಬದಲಾಗುವ ವಿವರ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ವಿವರಗಳ ಅಂಕಿಗಳನ್ನು ಒರಟಾಗಿ ಪೂರ್ಣಾಂಕಕ್ಕೆ ಇಳಿಸುತ್ತದೆ. ಫೈಲ್ ಚಿಕ್ಕದಾಗುವುದು ಹೆಚ್ಚಾಗಿ ಈ ಹಂತದಲ್ಲಿ, ಮತ್ತೆ ಬಾರದಂತೆ ಕಳೆದುಹೋಗುವುದೂ ಈ ಹಂತದಲ್ಲೇ. ಇದಲ್ಲದೆ ಬಣ್ಣವನ್ನು ಹೊಳಪಿನಿಂದ ಬೇರ್ಪಡಿಸಿ, ಬಹಳಷ್ಟು ಸಲ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಅಳತೆಯನ್ನು ಇಟ್ಟುಕೊಳ್ಳುತ್ತದೆ. 4:2:0 ಎಂದು ಬರೆಯುವುದು ಇದನ್ನೇ. ಮನುಷ್ಯರ ಕಣ್ಣಿನ ಸ್ವಭಾವವನ್ನು ಚೆನ್ನಾಗಿ ಅರಿತು ಮಾಡಿದ ಕೆಲಸ ಇದು. ಮುಗಿದ ಚಿತ್ರವನ್ನು ಇನ್ನೊಬ್ಬರ ಕೈಗೆ ಕೊಡಲು ಮೂವತ್ತು ವರ್ಷಗಳ ನಂತರವೂ ಇದರಷ್ಟು ಎಲ್ಲೆಡೆ ತೆರೆದುಕೊಳ್ಳುವ ಫಾರ್ಮ್ಯಾಟ್ ಇನ್ನೊಂದಿಲ್ಲ.

ಸಲ ಸಲ ಸೇವ್ ಮಾಡಿದಾಗ ಏನಾಗುತ್ತದೆ ಎಂದು ಅಕ್ಕನಿಗೆ ತೋರಿಸಲು ಒಂದು ಪರೀಕ್ಷೆ ಮಾಡಿದೆವು. ಒಂದು ಜೆಪೆಗನ್ನು ತೆರೆದು, ಏನೂ ಬದಲಿಸದೆ, ಅದೇ ಗುಣಮಟ್ಟದಲ್ಲಿ ಇಪ್ಪತ್ತು ಸಲ ಸೇವ್ ಮಾಡಿದೆ. ಮೊದಲೆರಡು ಸಲ ಬಿಟ್ಟರೆ ಆಮೇಲೆ ಹೆಚ್ಚುಕಡಿಮೆ ಏನೂ ಕೆಡಲಿಲ್ಲ. ಅವಳಿಗೆ ಆಶ್ಚರ್ಯವಾಯಿತು. ಒಮ್ಮೆ ಪೂರ್ಣಾಂಕಕ್ಕೆ ಇಳಿದ ಅಂಕಿ ಅದೇ ಅಳತೆಗೋಲಿನಲ್ಲಿ ಮತ್ತೆ ಇಳಿದರೆ ಅಲ್ಲೇ ನಿಲ್ಲುತ್ತದೆ. ಎರಡನೆಯ ಸುತ್ತಿನಲ್ಲಿ ಅವಳು ಮಾಡುತ್ತಿದ್ದ ಹಾಗೆಯೇ ಮಾಡಿದೆ: ಪ್ರತಿ ಸಲವೂ ಎಡಗಡೆಯಿಂದ ಮೂರು ಪಿಕ್ಸೆಲ್ ಕತ್ತರಿಸಿದೆ, ಬೆಳಕನ್ನು ತುಸು ಏರಿಸಿದೆ, ಗುಣಮಟ್ಟವನ್ನು ಒಮ್ಮೆ 90ಕ್ಕೂ ಒಮ್ಮೆ 80ಕ್ಕೂ ಇಟ್ಟೆ. ಆರನೆಯ ಸಲಕ್ಕೆ ರೆಕ್ಕೆಯ ಅಂಚಿನ ಸುತ್ತ ಕೊಳಕು ನೀರಿನಂಥ ಕಲೆಗಳು ಎದ್ದವು. ಮೂರು ಪಿಕ್ಸೆಲ್ ಕತ್ತರಿಸಿದರೆ ಚೌಕಗಳ ಗೆರೆ ಜರುಗುತ್ತದೆ. ಹಳೆಯ ಚೌಕದ ಅಂಚು ಹೊಸ ಚೌಕದ ನಡುವೆ ಬಂದು, ತಂತ್ರಾಂಶ ಅದನ್ನೂ ಚಿತ್ರದ ವಿವರವೆಂದೇ ತಿಳಿದು ಮತ್ತೆ ಒರಟು ಮಾಡುತ್ತದೆ.

ಚಿತ್ರ ತಿರುಗಿಸುವಾಗಲೂ ಹೀಗೆಯೇ. ಬರಿಯ ದಿಕ್ಕಿನ ಟಿಪ್ಪಣಿ ಬದಲಿಸುವ ತಂತ್ರಾಂಶವಾದರೆ ನಷ್ಟವಿಲ್ಲ. ಜೆಪೆಗ್‌ಟ್ರಾನ್‌ನಂಥ ಸಾಧನವೂ ಚೌಕಗಳನ್ನು ಬಿಚ್ಚದೆಯೇ ತಿರುಗಿಸಬಲ್ಲದು, ಚೌಕಗಳ ಗೆರೆಗೆ ಸರಿಯಾಗಿ ಕತ್ತರಿಸಲೂ ಬಲ್ಲದು. ಚಿತ್ರ ತೋರಿಸುವ ಸಾಮಾನ್ಯ ತಂತ್ರಾಂಶಗಳಲ್ಲಿ ಕೆಲವು ಮಾತ್ರ ಈ ಎಚ್ಚರ ವಹಿಸುತ್ತವೆ.

ಕೆಂಪು ಪಟ್ಟೆಯ ಹಿಂಬದಿ ರೆಕ್ಕೆಯಿರುವ ಒಂದು ಪತಂಗದಲ್ಲಿ ಬಣ್ಣದ ನಷ್ಟವೂ ಬರಿಗಣ್ಣಿಗೆ ಕಂಡಿತು. ಕಪ್ಪಿನ ಮೇಲಿನ ಸಣ್ಣ ಕೆಂಪು ಗೆರೆಗಳು 4:2:0 ಫೈಲಿನಲ್ಲಿ ಮಸಿ ಹರಡಿದಂತೆ ಹರಡಿದ್ದವು. ಅದೇ ಚಿತ್ರವನ್ನು ರಾ ಫೈಲಿನಿಂದ 4:4:4 (ಪ್ರತಿ ಪಿಕ್ಸೆಲಿಗೂ ತನ್ನದೇ ಬಣ್ಣದ ಅಳತೆ) ಜೆಪೆಗ್ ಆಗಿ ತೆಗೆದಾಗ ಗೆರೆಗಳು ಚೂಪಾಗಿದ್ದವು. ಚಿತ್ರ ತಿದ್ದುವ ಮುಕ್ತ ತಂತ್ರಾಂಶವಾದ ಗಿಂಪ್‌ನಲ್ಲಿ ಜೆಪೆಗ್ ರಫ್ತು ಮಾಡುವಾಗ ಮುಂದುವರಿದ ಆಯ್ಕೆಗಳಲ್ಲಿ ಇದನ್ನು ಆರಿಸಬಹುದು. ಕೀಟ, ಹೂವು, ನೇಯ್ಗೆಯಂಥ ಬಣ್ಣದ ಸಣ್ಣ ವಿವರಗಳಿರುವ ಚಿತ್ರ ತೆಗೆಯುವವರು ಈ ಒಂದು ಗುಂಡಿಯನ್ನು ಹುಡುಕಿ ಇಟ್ಟುಕೊಳ್ಳಬೇಕು.

ರಾ ಮತ್ತು ಟಿಫ್: ದೊಡ್ಡ ಫೈಲಿನಲ್ಲಿ ಕಡಿಮೆ ಮಾಹಿತಿ

ಟಿಫ್ ಫೈಲ್ ದೊಡ್ಡದು, ಆದ್ದರಿಂದ ಅದರಲ್ಲಿ ಹೆಚ್ಚು ಮಾಹಿತಿ ಇರಲೇಬೇಕು ಎಂಬುದು ಅಕ್ಕನ ನಂಬಿಕೆಯಾಗಿತ್ತು. ಲೆಕ್ಕ ಹಾಕಿ ನೋಡಿದೆವು.

ಅವಳ ಕ್ಯಾಮೆರಾದ ಚಿತ್ರ 6,000 ಅಗಲ, 4,000 ಎತ್ತರ, ಅಂದರೆ 2.4 ಕೋಟಿ ಪಿಕ್ಸೆಲ್. ಸಂವೇದಕದ ಮುಂದೆ ಬೇಯರ್ ಜಾಲರಿ ಇದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕಿದ ಈ ಜೋಡಣೆಯಲ್ಲಿ ಅರ್ಧದಷ್ಟು ಬಿಂದುಗಳು ಹಸಿರನ್ನು, ಕಾಲು ಭಾಗ ಕೆಂಪನ್ನು, ಕಾಲು ಭಾಗ ನೀಲಿಯನ್ನು ಅಳೆಯುತ್ತವೆ. ಪ್ರತಿ ಬಿಂದುವಿಗೆ ಒಂದೇ ಅಂಕಿ. ರಾ ಫೈಲಿನಲ್ಲಿರುವುದು ಈ ಅಂಕಿಗಳು, ಅವುಗಳ ಜೊತೆಗೆ ಕ್ಯಾಮೆರಾ ಬರೆದ ಟಿಪ್ಪಣಿಗಳು ಮತ್ತು ಒಂದು ಜೆಪೆಗ್ ಮುನ್ನೋಟ. 14 ಬಿಟ್ ಆದರೆ ಒಂದೊಂದು ಅಂಕಿಗೂ 16,384 ಮೆಟ್ಟಿಲು. ಸಂಕೋಚನವಿಲ್ಲದೆ ಇಟ್ಟರೆ 42 ಎಂಬಿ. ನಷ್ಟವಿಲ್ಲದ ಸಂಕೋಚನದಲ್ಲಿ ಅಕ್ಕನ ಫೈಲ್‌ಗಳು 26 ಎಂಬಿಯ ಆಸುಪಾಸಿನಲ್ಲಿದ್ದವು.

ಟಿಫ್ ಮಾಡುವಾಗ ಪ್ರತಿ ಬಿಂದುವಿಗೂ ಇಲ್ಲದ ಎರಡು ಬಣ್ಣಗಳನ್ನು ಅಕ್ಕಪಕ್ಕದವುಗಳಿಂದ ಊಹಿಸಿ ತುಂಬಬೇಕು. ಹೀಗೆ ಒಂದು ಅಂಕಿಯಿದ್ದಲ್ಲಿ ಮೂರಾಗುತ್ತವೆ. ಅಕ್ಕ ರಫ್ತು ಮಾಡಿದ್ದು 8 ಬಿಟ್‌ನಲ್ಲಿ, ಅಂದರೆ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 2.4 ಕೋಟಿಯನ್ನು ಮೂರರಿಂದ ಗುಣಿಸಿದರೆ 72 ಎಂಬಿ. ರಾ ಫೈಲಿನ ಸುಮಾರು ಮೂರು ಪಟ್ಟು ಜಾಗ. ಅದರಲ್ಲಿ ಮೂರರಲ್ಲೆರಡು ಭಾಗ ಊಹೆ, ಉಳಿದದ್ದರಲ್ಲೂ ಮೆಟ್ಟಿಲುಗಳನ್ನು ಒರೆಸಿಹಾಕಲಾಗಿದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ಕಾಣಿಸುವ ಹೊಂದಾಣಿಕೆ) ಕೂಡ ರಾ ಫೈಲಿನಲ್ಲಿ ಬರಿಯ ಟಿಪ್ಪಣಿ, ಟಿಫ್‌ನಲ್ಲಿ ಅದು ಬೆಂದುಹೋದ ಬಣ್ಣ. ನೇರಳೆಯತ್ತ ವಾಲಿದ ದೀಪದ ಬೆಳಕಿನಲ್ಲಿ ಪತಂಗದ ನಿಜವಾದ ಕಂದು ಬಣ್ಣವನ್ನು ಮರಳಿ ತರಬೇಕಾದವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಅವಳು ಈ ಲೆಕ್ಕವನ್ನು ಎರಡು ಸಲ ತಾನೇ ಮಾಡಿ ನೋಡಿದಳು. “ಹಾಗಾದರೆ ನಾನು ಕೂಸನ್ನು ಬಿಟ್ಟು ತೊಟ್ಟಿಲನ್ನು ಇಟ್ಟುಕೊಂಡೆ” ಎಂದಳು.

ಟಿಫ್ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಕೆಲಸ ಮುಗಿದ ಚಿತ್ರವನ್ನು 16 ಬಿಟ್‌ನಲ್ಲಿ, ಬಣ್ಣದ ಪ್ರೊಫೈಲ್ (ಫೈಲಿನ ಅಂಕಿಗಳು ಯಾವ ಬಣ್ಣಗಳನ್ನು ಸೂಚಿಸುತ್ತವೆ ಎಂಬ ವಿವರ) ಸಹಿತ ಇಡಲು ಅದರಷ್ಟು ನೆಚ್ಚಬಹುದಾದ ಪೆಟ್ಟಿಗೆ ಇನ್ನೊಂದಿಲ್ಲ. 1986ರಲ್ಲಿ ಆಲ್ಡಸ್ ಕಂಪನಿ ರೂಪಿಸಿದ, 1992ರಲ್ಲಿ ಆರನೆಯ ಆವೃತ್ತಿ ಕಂಡ ಈ ಫಾರ್ಮ್ಯಾಟ್ ಇಂದಿಗೂ ಎಲ್ಲ ಗಂಭೀರ ತಂತ್ರಾಂಶಗಳಲ್ಲೂ ತೆರೆದುಕೊಳ್ಳುತ್ತದೆ. ಆದರೆ 16 ಬಿಟ್ ಟಿಫ್ ಸಂಕೋಚನವಿಲ್ಲದೆ 144 ಎಂಬಿ. ಎರಡನೆಯ ಪದರದಲ್ಲೇ 14,000 ಚಿತ್ರಗಳಿದ್ದವು. ಎಲ್ಲವನ್ನೂ ಹೀಗೆ ಇಡಲು ಹೊರಟರೆ ಎರಡು ಟೆರಾಬೈಟ್ ಬೇಕು, ರಾ ಆಗಿಯೇ ಬಿಟ್ಟರೆ 0.4 ಟೆರಾಬೈಟಿಗಿಂತ ಕಡಿಮೆ ಸಾಕು. ಇನ್ನೊಂದು ಸಣ್ಣ ಅನುಭವ: 16 ಬಿಟ್ ಚಿತ್ರಕ್ಕೆ ಎಲ್‌ಜಡ್‌ಡಬ್ಲ್ಯು ಸಂಕೋಚನ ಹಾಕಿದರೆ ಫೈಲ್ ಕೆಲವೊಮ್ಮೆ ಚಿಕ್ಕದಾಗುವ ಬದಲು ದೊಡ್ಡದಾಗುತ್ತದೆ. ಜಿಪ್ ಸಂಕೋಚನವನ್ನೇ ಆರಿಸಬೇಕು.

ಬಿಳಿ ಪತಂಗದ ಚಿತ್ರದಲ್ಲಿ ರಾ ಫೈಲಿನ ಬೆಲೆ ಕಣ್ಣೆದುರಿಗೇ ಸಾಬೀತಾಯಿತು. ಎರಡನೆಯ ಪದರದ ಆ ಚಿತ್ರಕ್ಕೆ ಹಂಚಿಕೆಯ ಜೆಪೆಗೂ ಇತ್ತು, ರಾ ಫೈಲೂ ಇತ್ತು. ಜೆಪೆಗ್‌ನಲ್ಲಿ ಎಡ ರೆಕ್ಕೆಯ ಮೇಲ್ಭಾಗವೆಲ್ಲ 255, ಅಂದರೆ ಕೊನೆಯ ಮೆಟ್ಟಿಲಿನ ಅಚ್ಚ ಬಿಳಿ. ಬೆಳಕು ಇಳಿಸಿದರೆ ಬಿಳಿ ಬೂದಾಯಿತೇ ಹೊರತು ಗೆರೆ ಬರಲಿಲ್ಲ. ರಾ ಫೈಲಿನಲ್ಲಿ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿದಾಗ ಗೆರೆಗಳು ಒಂದೊಂದಾಗಿ ಮೂಡಿದವು. ಅಕ್ಕ ಕುರ್ಚಿಯಿಂದ ಎದ್ದು ತೆರೆಯ ಹತ್ತಿರ ಬಂದು ನಿಂತಳು. ಆದರೆ ದೀಪದ ಪಕ್ಕದ ಬಟ್ಟೆಯ ನೇಯ್ಗೆ ರಾ ಫೈಲಿನಲ್ಲೂ ಇರಲಿಲ್ಲ, ಅಲ್ಲಿ ಸಂವೇದಕವೇ ತುಂಬಿಹೋಗಿತ್ತು. ರಾ ಫೈಲ್ ಕ್ಯಾಮೆರಾ ಕಂಡದ್ದನ್ನು ಪೂರ್ತಿ ಕೊಡುತ್ತದೆ, ಕಾಣದ್ದನ್ನು ಕೊಡುವುದಿಲ್ಲ. ಕ್ಯಾಮೆರಾದ ಹಿಂದೆ ಕಾಣುವ ಹಿಸ್ಟೋಗ್ರಾಂ (ಕತ್ತಲಿನಿಂದ ಬಿಳುಪಿನವರೆಗೆ ಎಷ್ಟೆಷ್ಟು ಪಿಕ್ಸೆಲ್‌ಗಳಿವೆ ಎಂದು ತೋರಿಸುವ ನಕ್ಷೆ) ಸಾಮಾನ್ಯವಾಗಿ ಜೆಪೆಗ್ ರೂಪದಿಂದ ಲೆಕ್ಕ ಹಾಕಿದ್ದು. ಅದು ‘ಬಿಳುಪು ತುಂಬಿತು’ ಎಂದಾಗಲೂ ರಾ ಫೈಲಿನಲ್ಲಿ ಸ್ವಲ್ಪ ಜಾಗ ಉಳಿದಿರುತ್ತದೆ ಎಂಬುದನ್ನು ಅವಳು ಅಂದಿನಿಂದ ಲೆಕ್ಕಕ್ಕೆ ಹಿಡಿಯತೊಡಗಿದಳು.

ರಾ ಫೈಲ್‌ಗಳನ್ನು ಡಿಎನ್‌ಜಿ ಎಂಬ ಸಾಮಾನ್ಯ ರಾ ಫಾರ್ಮ್ಯಾಟಿಗೆ ಬದಲಿಸುವ ಬಗ್ಗೆ ಎರಡು ದಿನ ಚರ್ಚೆ ನಡೆಯಿತು. ಅಡೋಬಿ 2004ರಲ್ಲಿ ತಂದ ಈ ಫಾರ್ಮ್ಯಾಟಿನ ವಿವರಣೆ ಎಲ್ಲರಿಗೂ ತೆರೆದಿದೆ, ರಾ ದತ್ತಾಂಶ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆಯೂ ಅದರೊಳಗೆ ಇರುತ್ತದೆ. ಆದರೂ ನಾವು ಬದಲಿಸಲಿಲ್ಲ. ಕ್ಯಾಮೆರಾ ತಯಾರಕರ ಸ್ವಂತ ತಂತ್ರಾಂಶಗಳು ಹೀಗೆ ಬದಲಿಸಿದ ಫೈಲನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ, ಮತ್ತು ಅವಳ ಕ್ಯಾಮೆರಾದ ರಾ ಮಾದರಿಯನ್ನು ಹಲವು ಮುಕ್ತ ತಂತ್ರಾಂಶಗಳು ಓದುತ್ತವೆ. ಅಪರೂಪದ ಕ್ಯಾಮೆರಾ ಆಗಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ವೆಬ್‌ಪಿ, ಏವಿಫ್, ಫೋನುಗಳ ಹೈಕ್ ಇವೆಲ್ಲ ಚಿತ್ರವನ್ನು ತಲುಪಿಸುವ ಫಾರ್ಮ್ಯಾಟ್‌ಗಳು. ಫೋನಿನಲ್ಲಿ ತೆಗೆದ ಹೈಕ್ ಚಿತ್ರಗಳನ್ನು ಇದ್ದ ಹಾಗೆಯೇ ಇಟ್ಟು, ಬೇಕಾದಾಗ ಜೆಪೆಗ್ ಮಾಡಿಕೊಂಡರೆ ಸಾಕು.

ತಂತ್ರಾಂಶದ ಆಯ್ಕೆ

ಇಲ್ಲಿಗೆ ಬಂದ ಮೇಲೆ ಅಕ್ಕನ ಮೊದಲ ಪ್ರಶ್ನೆಗೆ ಉತ್ತರಿಸುವುದು ಸುಲಭವಾಯಿತು. ಎಷ್ಟು ಫಿಲ್ಟರ್‌ಗಳಿವೆ ಎಂದು ನಾವು ನೋಡಲೇ ಇಲ್ಲ. ಮೂಲ ಫೈಲನ್ನು ಮುಟ್ಟದೆ ಕೆಲಸ ಮಾಡುತ್ತದೆಯೇ, ತಿದ್ದುಪಡಿಯ ಸೂಚನೆಗಳನ್ನು ಎಲ್ಲಿ ಬರೆಯುತ್ತದೆ, ಬಟ್ಟೆಯನ್ನು ಮಾತ್ರ ಮಬ್ಬು ಮಾಡಿ ಪತಂಗವನ್ನು ಹಾಗೆಯೇ ಬಿಡಲು ಮಾಸ್ಕ್ ಇದೆಯೇ ಎಂದು ಮಾತ್ರ ಕೇಳಿದೆವು.

ಹಣ ಕೊಟ್ಟು ಬಳಸುವ ಲೈಟ್‌ರೂಮ್ ಮತ್ತು ಕ್ಯಾಪ್ಚರ್ ಒನ್ ಎರಡೂ ಈ ಮೂರನ್ನೂ ಪೂರೈಸುತ್ತವೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಒಂದು ಆಯ್ಕೆಯನ್ನು ಚಾಲೂ ಮಾಡಿದರೆ ಕ್ಯಾಟಲಾಗಿನ ಜೊತೆಗೆ ಚಿತ್ರದ ಪಕ್ಕದಲ್ಲೂ ತಿದ್ದುಪಡಿಯ ಸೂಚನೆಗಳಿರುವ ಎಕ್ಸ್‌ಎಂಪಿ ಎಂಬ ಸಣ್ಣ ಫೈಲ್ ಬರೆಯುತ್ತದೆ. ಜೊತೆಗಾರರೆಲ್ಲ ಅದನ್ನೇ ಬಳಸುತ್ತಿದ್ದರೆ, ಕಲಿಯಲು ಸಮಯ ಕಡಿಮೆಯಿದ್ದರೆ, ಅದು ಸರಿಯಾದ ಆಯ್ಕೆಯೇ. ಅಕ್ಕನಿಗೆ ಚಂದಾ ಮುಂದುವರಿಸುವ ಮನಸ್ಸಿರಲಿಲ್ಲ. ಅವಳು ವರ್ಷದಲ್ಲಿ ಕೆಲವೇ ತಿಂಗಳು ಚಿತ್ರ ತಿದ್ದುವವಳು. ಹಾಗಾಗಿ ಡಾರ್ಕ್‌ಟೇಬಲ್ ಮತ್ತು ರಾಥೆರಪಿ, ಈ ಎರಡು ಮುಕ್ತ ತಂತ್ರಾಂಶಗಳನ್ನು ಒಂದೇ ಐದು ಚಿತ್ರಗಳ ಮೇಲೆ ಪರೀಕ್ಷಿಸಿದೆವು.

ಮೊದಲ ಸಂಜೆ ಅವಳು ಎರಡನ್ನೂ ತಳ್ಳಿಹಾಕಿಬಿಡುತ್ತಿದ್ದಳು. ಡಾರ್ಕ್‌ಟೇಬಲ್‌ನಲ್ಲಿ ತೆರೆದ ರಾ ಚಿತ್ರ ಕ್ಯಾಮೆರಾದ ಪರದೆಯಲ್ಲಿ ಕಂಡದ್ದಕ್ಕಿಂತ ಸಪ್ಪೆಯಾಗಿತ್ತು. ಇದು ತಂತ್ರಾಂಶದ ದೋಷವಲ್ಲ. ಪರದೆಯಲ್ಲಿ ಕಂಡದ್ದು ಕ್ಯಾಮೆರಾ ತನ್ನ ಅಭಿರುಚಿಯಂತೆ ಬಣ್ಣ ಏರಿಸಿ ಮಾಡಿದ ಜೆಪೆಗ್ ಮುನ್ನೋಟ. ರಾ ತಂತ್ರಾಂಶ ಆ ಅಭಿರುಚಿಯನ್ನು ಎರವಲು ಪಡೆಯುವುದಿಲ್ಲ. ಮೊದಲ ನೋಟವನ್ನು ಹೋಲಿಸಿ ತಂತ್ರಾಂಶ ಆರಿಸುವವರು ಇಲ್ಲಿಯೇ ಎಡವುತ್ತಾರೆ. ಹೋಲಿಸಬೇಕಾದದ್ದು ಹದಿನೈದು ನಿಮಿಷ ಕೆಲಸ ಮಾಡಿದ ನಂತರದ ಚಿತ್ರವನ್ನು.

ರಾಥೆರಪಿಯಲ್ಲಿ ಸೂಕ್ಷ್ಮ ವಿವರಗಳು ಬಹಳ ಸೊಗಸಾಗಿ ಬಂದವು. ಬೇಯರ್ ಅಂಕಿಗಳಿಂದ ಬಣ್ಣ ತುಂಬುವ ಹಲವು ವಿಧಾನಗಳನ್ನು ಅದು ಬಳಕೆದಾರರ ಕೈಗೇ ಕೊಡುತ್ತದೆ. ಸೂಚನೆಗಳನ್ನು ಚಿತ್ರದ ಪಕ್ಕದಲ್ಲಿ ಪಿಪಿ3 ಫೈಲಾಗಿ ಇಡುತ್ತದೆ. ಡಾರ್ಕ್‌ಟೇಬಲ್ ಗೆದ್ದದ್ದು ಮಾಸ್ಕ್‌ಗಳಿಂದ. ಕೈಯಿಂದ ಬರೆದ ಆಕಾರ ಮತ್ತು ಹೊಳಪಿನ ಮಿತಿ ಎರಡನ್ನೂ ಸೇರಿಸಿ ‘ಈ ವೃತ್ತದೊಳಗಿನ, ಇಷ್ಟಕ್ಕಿಂತ ಬೆಳ್ಳಗಿರುವ ಭಾಗ ಮಾತ್ರ’ ಎಂದು ಹೇಳಬಹುದು. ಬಿಳಿ ಬಟ್ಟೆಯಿಂದ ಬಿಳಿ ಪತಂಗವನ್ನು ಬೇರ್ಪಡಿಸಲು ಬೇಕಾಗಿದ್ದದ್ದು ಇದೇ. ಸೂಚನೆಗಳು ಚಿತ್ರದ ಪಕ್ಕದಲ್ಲೇ ಎಕ್ಸ್‌ಎಂಪಿ ಫೈಲಿನಲ್ಲಿ ಕೂರುತ್ತವೆ, ಆದ್ದರಿಂದ ಡಿಸ್ಕನ್ನು ನಕಲು ಮಾಡಿದರೆ ಕೆಲಸವೂ ನಕಲಾಗುತ್ತದೆ. ಕಲಿಯಲು ಅವಳಿಗೆ ಮೂರು ವಾರ ಹಿಡಿಯಿತು, ಅದರಲ್ಲಿ ಮೊದಲ ವಾರ ಕಷ್ಟದ್ದಾಗಿತ್ತು. ಅಲ್ಲಿರುವ ಹತ್ತಾರು ಮಾಡ್ಯೂಲ್‌ಗಳಲ್ಲಿ ಎಂಟನ್ನು ಬಿಟ್ಟು ಉಳಿದವನ್ನು ಕಣ್ಣಿಗೆ ಕಾಣದಂತೆ ಮಾಡಿಕೊಟ್ಟ ಮೇಲೆ ಕೈ ಕುದುರಿತು.

ಒಂದು ಮಿತಿಯನ್ನು ಮಾತ್ರ ಯಾವ ತಂತ್ರಾಂಶವೂ ಮೀರಿಲ್ಲ. ಎಕ್ಸ್‌ಎಂಪಿಯಲ್ಲಿನ ಪತಂಗದ ಹೆಸರು, ಸ್ಥಳ, ನಕ್ಷತ್ರದ ಗುರುತುಗಳನ್ನು ಬೇರೆ ತಂತ್ರಾಂಶಗಳು ಓದುತ್ತವೆ. ಆದರೆ ಒಂದು ತಂತ್ರಾಂಶದಲ್ಲಿ ತಿದ್ದಿದ ಬೆಳಕು, ಬಣ್ಣಗಳ ಸೂಚನೆ ಇನ್ನೊಂದರಲ್ಲಿ ಹಾಗೆಯೇ ಮೂಡುವುದಿಲ್ಲ. ಆದ್ದರಿಂದ ಕೈಪಿಡಿಗೆ ಹೋಗುವ ಚಿತ್ರಗಳಿಗೆ ಮಾತ್ರ 16 ಬಿಟ್ ಟಿಫ್ ಒಂದನ್ನು ತೆಗೆದಿಡುವುದೆಂದು ತೀರ್ಮಾನಿಸಿದೆವು. 14,000 ಚಿತ್ರಗಳಿಗೆ ಭಾರವಾದ ಟಿಫ್ 120ಕ್ಕೆ ಭಾರವಲ್ಲ.

ಹಲವು ಪತಂಗಗಳನ್ನು ಒಂದೇ ಫಲಕದಲ್ಲಿ ನಿಜವಾದ ಅಳತೆಯ ಅನುಪಾತದಲ್ಲಿ ಜೋಡಿಸುವ ಕೆಲಸಕ್ಕೆ ಗಿಂಪ್ ಬಳಸಿದೆವು. 2018ರ 2.10 ಆವೃತ್ತಿಯಿಂದ ಅದು 16 ಮತ್ತು 32 ಬಿಟ್‌ನಲ್ಲಿ ಕೆಲಸ ಮಾಡುತ್ತದೆ. ಅದಕ್ಕೂ ಮೊದಲು 8 ಬಿಟ್‌ಗೆ ಸೀಮಿತವಾಗಿತ್ತು, ‘ಗಿಂಪ್ ಛಾಯಾಗ್ರಹಣಕ್ಕೆ ಆಗದು’ ಎಂಬ ಹಳೆಯ ಮಾತು ಆ ಕಾಲದ್ದು.

ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಚೂಪುಗೊಳಿಸುವ ಸಾಧನಗಳನ್ನು ನಾನು ಬೇಡವೆಂದೆ. ಅಕ್ಕ ಒಂದು ಹಳೆಯ ಜೆಪೆಗ್ ಮೇಲೆ ಪ್ರಯೋಗಿಸಿದ್ದಳು. ರೆಕ್ಕೆಯ ಮೇಲೆ ಅಂದವಾದ ಶಲ್ಕಗಳು ಮೂಡಿದ್ದವು. ಅವು ಆ ಪತಂಗದ ಶಲ್ಕಗಳಾಗಿರಲಿಲ್ಲ. ಗುರುತಿಸಲು ನೆರವಾಗಬೇಕಾದ ಕೈಪಿಡಿಯಲ್ಲಿ ಇಲ್ಲದ ಗೆರೆಯನ್ನು ಇದೆಯೆಂದು ತೋರಿಸುವುದು ಸುಳ್ಳು ಹೇಳಿದಂತೆಯೇ.

ಮುದ್ರಣಕ್ಕೆ

ಕೈಪಿಡಿಯ ಒಂದು ಅಂಕಣದ ಅಗಲ 8.5 ಸೆಂಟಿಮೀಟರ್. ಮುದ್ರಣಾಲಯ ಅಂಗುಲಕ್ಕೆ 300 ಪಿಕ್ಸೆಲ್ ಕೇಳಿತ್ತು. 8.5ನ್ನು 2.54ರಿಂದ ಭಾಗಿಸಿ 300ರಿಂದ ಗುಣಿಸಿದರೆ ಸುಮಾರು 1,004 ಪಿಕ್ಸೆಲ್. ಈ ಲೆಕ್ಕ ಹಾಕಿದ ದಿನ ಅಕ್ಕನ ಮುಖದ ಮೇಲಿನ ಚಿಂತೆ ಅರ್ಧ ಇಳಿಯಿತು. ಮೊದಲ ಪದರದ ಕೆಟ್ಟ ಜೆಪೆಗ್‌ಗಳಲ್ಲೂ ಹಲವು 2,000 ಪಿಕ್ಸೆಲ್‌ಗಿಂತ ಅಗಲವಾಗಿದ್ದವು. ಅರ್ಧಕ್ಕೆ ಕುಗ್ಗಿಸಿದಾಗ ನಾಲ್ಕು ಪಿಕ್ಸೆಲ್‌ಗಳು ಸೇರಿ ಒಂದಾಗಿ ಕಲೆಗಳು ಬಹಳಷ್ಟು ಮುಚ್ಚಿಹೋದವು.

ಆ 34 ಚಿತ್ರಗಳ ಇಂದಿನ ಸ್ಥಿತಿಯೇ ಮೂಲ ಎಂದು ಒಪ್ಪಿಕೊಂಡು, ಫೈಲ್‌ಗಳನ್ನು ಬದಲಿಸಲಾಗದಂತೆ ಬೀಗ ಹಾಕಿ, ಡಾರ್ಕ್‌ಟೇಬಲ್‌ನಲ್ಲೇ ತೆರೆದು ತಿದ್ದಿದೆವು. ಅದು ಜೆಪೆಗನ್ನೂ ಮುಟ್ಟದೆ ಪಕ್ಕದಲ್ಲಿ ಸೂಚನೆ ಬರೆಯುತ್ತದೆ. ಕಳೆದದ್ದು ಬರಲಿಲ್ಲ, ಆದರೆ ಇನ್ನಷ್ಟು ಕಳೆಯುವುದು ನಿಂತಿತು. ಅಳಿಸಿಹೋದ ದಿನಾಂಕಗಳನ್ನು ಅವಳು ತನ್ನ ನೋಟುಪುಸ್ತಕದಿಂದ ಹುಡುಕಿ ಕೊಟ್ಟಳು, ಎಕ್ಸಿಫ್‌ಟೂಲ್ ಎಂಬ ಸಾಧನದಿಂದ ಅವನ್ನು ಮತ್ತೆ ಸೇರಿಸಿದೆವು. ಬೀಗ ಹಾಕಿದ ಫೈಲಿಗೆ ಕೈ ಹಾಕದೆ ಎಕ್ಸ್‌ಎಂಪಿಯಲ್ಲೇ ಬರೆದೆವು.

ಎರಡನೆಯ ಪದರದ 61 ಚಿತ್ರಗಳನ್ನು ಅಕ್ಕ ಮೊದಲಿನಿಂದ ತಿದ್ದಿದಳು. ಒಂದೊಂದಕ್ಕೆ ಹತ್ತು ಹದಿನೈದು ನಿಮಿಷ. ಹಳೆಯ ಸಣ್ಣ ಜೆಪೆಗ್‌ಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಹೊಸವು ಮೇಲಾಗಿದ್ದವು, ಅವಳ ಕಣ್ಣು ಮೂರು ವರ್ಷಗಳಲ್ಲಿ ಪಳಗಿತ್ತು. ಕ್ಯಾಟಲಾಗ್ ಹೋದಾಗ ಅತ್ತವಳು ಅವಳು. ಕಾರ್ಡುಗಳನ್ನು ಅಳಿಸಿದಾಗ ಅವಳಿಗೆ ಏನೂ ಅನಿಸಿರಲಿಲ್ಲ.

ಮೂರನೆಯ ಪದರದ 25ರಲ್ಲಿ 14ಕ್ಕೆ ರಾ ಫೈಲ್ ಸಿಕ್ಕಿತು. ಟಿಫ್ ಮಾತ್ರ ಉಳಿದ 11ರಲ್ಲಿ ಒಂಬತ್ತು ಇದ್ದ ಹಾಗೆಯೇ ಸಾಕಾದವು. ಎರಡರಲ್ಲಿ ಕತ್ತಲ ಹಿನ್ನೆಲೆಯನ್ನು ತಿಳಿಗೊಳಿಸಲು ಹೋದಾಗ ನುಣುಪಾದ ಛಾಯೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯಿತು. 256 ಮೆಟ್ಟಿಲುಗಳಲ್ಲಿ ಕತ್ತಲಿನ ಪಾಲಿಗೆ ಬರುವುದು ಅಷ್ಟೇ. ಹಿನ್ನೆಲೆಯನ್ನು ಕತ್ತಲಾಗಿಯೇ ಬಿಟ್ಟೆವು.

ಮುದ್ರಣಾಲಯಕ್ಕೆ ಕಳಿಸಿದ್ದು ಹೆಚ್ಚು ಬಣ್ಣಗಳನ್ನು ಹಿಡಿಯುವ ಅಡೋಬಿ ಆರ್‌ಜಿಬಿ ಪ್ರೊಫೈಲ್ ಸೇರಿಸಿದ ಟಿಫ್. ಮುದ್ರಣದ ನಾಲ್ಕು ಬಣ್ಣಗಳಿಗೆ ಬದಲಿಸುವ ಕೆಲಸವನ್ನು ಅವರ ಕಾಗದ, ಶಾಯಿ ಬಲ್ಲ ಅವರಿಗೇ ಬಿಟ್ಟೆವು. ಸಂಪಾದಕರು ತೆರೆಯ ಮೇಲೆ ನೋಡಲು ಬೇರೆಯಾಗಿ, ಸಾಮಾನ್ಯ ತೆರೆಗಳಿಗೆ ಹೊಂದುವ ಎಸ್‌ಆರ್‌ಜಿಬಿ ಪ್ರೊಫೈಲಿನ ಜೆಪೆಗ್‌ಗಳನ್ನು ಕಳಿಸಿದೆವು. ಮೊದಲು ಅವಸರದಲ್ಲಿ ಅಡೋಬಿ ಆರ್‌ಜಿಬಿಯವನ್ನೇ ಕಳಿಸಿದ್ದಾಗ, ಪ್ರೊಫೈಲನ್ನು ಓದದ ಅವರ ತಂತ್ರಾಂಶದಲ್ಲಿ ಹಸಿರು ಪತಂಗ ಒಣಗಿದ ಎಲೆಯಂತೆ ಕಂಡಿತ್ತು.

ಈಗ ಕ್ಯಾಮೆರಾ 14 ಬಿಟ್, ನಷ್ಟವಿಲ್ಲದ ಸಂಕೋಚನದ ರಾ ಫೈಲಿಗೆ ಹೊಂದಿಕೊಂಡಿದೆ, ಜೊತೆಗೆ ಒಂದು ಸಣ್ಣ ಜೆಪೆಗ್. ಆ ಜೆಪೆಗ್ ರಾತ್ರಿಯೇ ಯಾರಿಗಾದರೂ ಕಳಿಸಿ ಪತಂಗದ ಹೆಸರು ಕೇಳಲು ಮಾತ್ರ, ಆಮೇಲೆ ಅಳಿಸಬಹುದು. ರಾ ಮತ್ತು ಎಕ್ಸ್‌ಎಂಪಿ ಎರಡೂ ಎರಡು ಡಿಸ್ಕುಗಳಿಗೆ ಹೋಗುತ್ತವೆ, ಒಂದು ಡಿಸ್ಕ್ ನನ್ನ ಮನೆಯಲ್ಲಿರುತ್ತದೆ. ಎರಡೂ ಕಡೆ ಫೈಲ್‌ಗಳು ಒಂದೇ ಆಗಿವೆಯೇ ಎಂದು ತಿಂಗಳಿಗೊಮ್ಮೆ ಹೋಲಿಸುತ್ತೇವೆ.

ಮೊದಲ ಪದರದ 34ರಲ್ಲಿ 22 ಅಂಕಣದ ಪೂರ್ಣ ಅಗಲಕ್ಕೆ ಅಚ್ಚಾದವು. ಏಳನ್ನು ಆರು ಸೆಂಟಿಮೀಟರಿಗೆ ಕುಗ್ಗಿಸಬೇಕಾಯಿತು. ಐದನ್ನು ಕೈಬಿಟ್ಟೆವು, ಗುರುತಿನ ಗೆರೆಗಳೇ ಅವುಗಳಲ್ಲಿ ಉಳಿದಿರಲಿಲ್ಲ. ಆ ಐದು ಜಾತಿಗಳಿಗಾಗಿ ಅಕ್ಕ ಮತ್ತೆ ಬಟ್ಟೆ ಕಟ್ಟಿ ರಾತ್ರಿಗಳನ್ನು ಕಳೆದಳು. ಮೂರು ಬಂದವು. ಉಳಿದೆರಡರ ಜಾಗದಲ್ಲಿ ಕೈಪಿಡಿಯಲ್ಲಿ ರೇಖಾಚಿತ್ರಗಳಿವೆ, ಅವುಗಳಿಗಾಗಿ ಅವಳು ಇನ್ನೂ ದೀಪ ಹಚ್ಚುತ್ತಿದ್ದಾಳೆ.